ಎದುರಿಗೆ ಬಾ ಅಂದ ಮೇಡಮ್ಮ

ಹೋದ ಭಾನುವಾರ ನೀವೆಲ್ಲ ಹಳೇಬೀಡಿಗೆ ಹೊರಡುವ ಗಡಿಬಿಡಿಯಲ್ಲಿದ್ದಿರಿ. ದೊಡ್ಡವಳು ಕನ್ನಡಿ ಮುಂದೆ ನಿಂತು ಬಿಸಿಲಿಗೆ ಹಚ್ಚುವ ಕ್ರೀಮನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದಳು. ಅದರ ವಾಸನೆ ಅಡುಗೆಮನೆಯವರೆಗೂ ಬಂತು. ತೆಂಗಿನಕಾಯಿ ವಾಸನೆ... ಆದರೆ ನಮ್ಮೂರ ತೆಂಗಿನಕಾಯಿಯದಲ್ಲ. ಕೊಬ್ಬರಿಯದೂ ಅಲ್ಲ, ಎಣ್ಣೆಯದೂ ಅಲ್ಲ. ಸಕ್ಕರೆ ಬೆರೆಸಿದಂಥ, ಎಲ್ಲೋ ದೂರದ ತೆಂಗಿನಕಾಯಿ. ಸೌಟು ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಎಷ್ಟೋ ವರ್ಷದಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ.

ಆಮೇಲೆ ಕಾರು ಹತ್ತುವಾಗ ಚಿಕ್ಕವನು ಕೇಳಿದ, "ಅಜ್ಜಿ, ನಾವು ಎಲ್ಲಿಗೆ ಹೊರಟ್ರೂ ನೀನು ಬೀದಿಗೆ ಬಂದು ಕಾರಿನ ಮುಂದೆ ಯಾಕೆ ನಿಂತ್ಕೋತೀಯ? ಟ್ರಾಫಿಕ್ ಪೊಲೀಸಾ ನೀನು?" ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಜನ ಮುಖ ನೋಡಿದರೆ ಹೇಳಬೇಕಾದ್ದು ಮರೆತೇಹೋಗುತ್ತದೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಬರೆದಿಡುತ್ತೇನೆ.

ಆಗ ನಾವು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಗೆ ಹತ್ತಿರದ ಹಳೆಯ ಮನೆಯಲ್ಲಿದ್ದೆವು. ನಿಮ್ಮ ತಾತ ಹೋಗಿ ವರ್ಷ ಆಗಿತ್ತು. ನಿಮ್ಮ ಅಮ್ಮ ಇನ್ನೂ ಒಂದನೇ ಕ್ಲಾಸು. ಮನೆಯಲ್ಲಿ ನಮ್ಮ ಅತ್ತೆ, ಕೊಬ್ಬರಿ ವ್ಯಾಪಾರದ ಮಾವ, ನಾನು, ಮಗು. ಅತ್ತೆ ಕೆಟ್ಟವರಲ್ಲ. ನನಗೆ ಒಂದು ದಿನವೂ ಊಟದಲ್ಲಿ, ಬಟ್ಟೆಯಲ್ಲಿ ಕಡಿಮೆ ಮಾಡಿದವರಲ್ಲ. ಆದರೆ ಮನೆಯಿಂದ ಯಾರಾದರೂ ಹೊರಡುವಾಗ ಗಂಡ ಸತ್ತವಳು ಎದುರಿಗೆ ಬರಬಾರದು ಎನ್ನುವುದು ಅವರ ನಂಬಿಕೆ. ಅವರ ನಂಬಿಕೆ ಏನು, ನನ್ನದೂ ಅದೇ ಆಗಿತ್ತು. ನನ್ನಿಂದಲೇ ಆಯಿತೇನೋ ಎಂಬಂತೆ ನಿಮ್ಮ ತಾತನ ಸಾವನ್ನು ಹೊತ್ತುಕೊಂಡಿದ್ದೆ. ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟುವ ಸದ್ದು ಕೇಳಿದರೆ ಸಾಕು, ಉಗ್ರಾಣದ ಬಾಗಿಲ ಹಿಂದೆ ಸೇರಿಕೊಳ್ಳುತ್ತಿದ್ದೆ. ಹೊರಗೆ ಹೋಗುವ ಮಾತಂತೂ ಇರಲೇ ಇಲ್ಲ.

ಅಂಥ ಮನೆಗೆ ಮೇಡಮ್ಮ ಬಂದರು. ಊರಿನ ಒಂದು ಶಾಲೆಗೆ ಇಂಗ್ಲಿಷ್ ಕಲಿಸಲು ಐರ್ಲೆಂಡಿನಿಂದ ಬಂದಿದ್ದರು. ಶಾಲೆಯವರು ಕೇಳಿದ್ದಕ್ಕೆ ಮಾವ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಐವತ್ತರ ಹತ್ತಿರದ ಹೆಂಗಸು, ಬೆಳ್ಳಗೆ, ಎತ್ತರ. ಬಿಸಿಲಿಗೆ ಮೂಗು ಸುಲಿದು ಕೆಂಪಾಗಿರುತ್ತಿತ್ತು. ಹೊರಗೆ ಕಾಲಿಡುವ ಮುಂಚೆ ಆ ಕ್ರೀಮು ಹಚ್ಚಲೇಬೇಕು. ಮೊದಲ ದಿನ ವಾಸನೆ ಹಿಡಿದ ಅತ್ತೆ, "ಅಯ್ಯೋ ಶಿವನೇ, ಅರಸೀಕೆರೆಗೆ ಬರೋರು ತೆಂಗಿನಕಾಯ್ನ ಡಬ್ಬೀಲಿ ತುಂಬ್ಕೊಂಡು ಬರ್ತಾರಾ? ಇಲ್ಲೇನು ಬರ ಬಂದೈತಾ?" ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಬೆರಳಲ್ಲಿ ಉಂಗುರ ನೋಡಿ, "ಗಂಡ ಊರಲ್ಲವ್ನೆ, ಪಾಪ, ಒಬ್ಬಳೇ ಬಂದವಳೆ" ಎಂದು ಅತ್ತೆ ತಾವೇ ತೀರ್ಮಾನ ಮಾಡಿದರು. ಶುಕ್ರವಾರ ಬಂತೆಂದರೆ ತಟ್ಟೆ ಹಿಡಿದುಕೊಂಡು ಮುಂದಿನ ಕೋಣೆಗೆ ಹೋಗಿ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ ಬರುತ್ತಿದ್ದರು. ಮೇಡಮ್ಮ ಕಣ್ಣು ಮುಚ್ಚಿ ಹಣೆ ಒಡ್ಡುತ್ತಿದ್ದರು. ಮಾವನಿಗೂ ಅವರ ಮೇಲೆ ಬಲು ವಿಶ್ವಾಸ. ಮೇಡಮ್ಮ ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿರುವಾಗಲೇ ಮಾವ ಮಂಡಿಗೆ ಹೊರಡುವುದು. ಯಾವತ್ತೋ ಒಂದು ದಿನ ಅವರ ಮುಖ ನೋಡಿ ಹೋದಾಗ ವ್ಯಾಪಾರ ಚೆನ್ನಾಗಾಯಿತಂತೆ. ಆಮೇಲೆ ಅವರು ಎದ್ದು ಬರುವವರೆಗೂ ಚಪ್ಪಲಿ ಮೆಟ್ಟಿ ಸುಮ್ಮನೆ ನಿಂತಿರುವರು. "ಮುತ್ತೈದೆ ಮುಖ, ಒಳ್ಳೇದು" ಎನ್ನುವರು.

ಮೇಡಮ್ಮನಿಗೆ ಮಾತ್ರ ನಮ್ಮೂರು ಒಗ್ಗಿರಲಿಲ್ಲ. ಖಾರ ಆಗದು, ಸೊಳ್ಳೆ ಆಗದು. ವಾರವೆಲ್ಲ ಶಾಲೆಯಲ್ಲಿ ಕಳೆದುಹೋಗುತ್ತಿತ್ತು. ಭಾನುವಾರ ಮಾತ್ರ ಜಗಲಿಯಲ್ಲಿ ಕೂತು ಬೀದಿ ನೋಡುವರು, ಬೀದಿಯವರು ನಿಂತು ಅವರನ್ನು ನೋಡುವರು. ಕಿಟಕಿಯ ಸಂದಿನಿಂದ ನೋಡುತ್ತಿದ್ದ ನನಗೆ ಅನ್ನಿಸುತ್ತಿತ್ತು, ಒಳಗೆ ಕೂತವಳ ಪಾಡೂ ಹೊರಗೆ ಕೂತವಳ ಪಾಡೂ ಒಂದೇ ಎಂದು. ಹೀಗೇ ಕೂತರೆ ಊರು ಬಿಟ್ಟು ಓಡುತ್ತೇನೆ ಎಂದು ಮೇಡಮ್ಮನಿಗೆ ಅನ್ನಿಸಿತೇನೋ, ಒಂದು ಭಾನುವಾರ ಚೀಲ ಹೆಗಲಿಗೆ ಹಾಕಿಕೊಂಡು ಮಾಲೇಕಲ್ಲು ಬೆಟ್ಟಕ್ಕೆ ಹೊರಟರು.

ನಾನು ಉಗ್ರಾಣ ಸೇರಿದ್ದೆ. "ಅಕ್ಕ ಎಲ್ಲವ್ಳೆ?" ಎಂಬ ದನಿ ಕೇಳಿತು. ಶಾಲೆಯ ಮಕ್ಕಳಿಂದ ಕಲಿತ ಕನ್ನಡ ಅವರದು, ಹಾಗಾಗಿ ನಮ್ಮ ಹಳ್ಳಿಯವರ ಹಾಗೇ ಮಾತು. ಓಣಿಯ ಹುಡುಗರೆಲ್ಲ ನನ್ನನ್ನು ಅಕ್ಕ ಅನ್ನುತ್ತಿದ್ದುದರಿಂದ ನನಗಿಂತ ಅಷ್ಟು ದೊಡ್ಡವರಾದರೂ ನಾನು ಅವರಿಗೆ ಅಕ್ಕನೇ. ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಒಳಗೇ ಬಂದರು, ಉಗ್ರಾಣದ ಬಾಗಿಲು ಸರಿಸಿದರು. "ಅಕ್ಕ, ಬತ್ತೀನಿ" ಎಂದು ನನ್ನ ಮುಖ ನೋಡಿ ನಕ್ಕು ಹೋದರು. ಹಿಂದೆ ನಿಂತಿದ್ದ ಅತ್ತೆಯ ಕಣ್ಣಿಗೂ ಇದು ಬಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ದಿನವೆಲ್ಲ ದೇವರಿಗೆ ಕೈ ಮುಗಿದೆ. ಸಂಜೆ ಬಂದವರ ಶೂ ಅಡಿ ಕಿತ್ತು ಬಾಯಿ ಬಿಟ್ಟಿತ್ತು. "ಬೆಟ್ಟ ಚೆನ್ನಾಗೈತೆ" ಎಂದರು. ಅತ್ತೆ ಆ ಶೂವನ್ನೂ ನನ್ನನ್ನೂ ನೋಡಿದರು.

ಮುಂದಿನ ವಾರ ಬೇಲೂರು. ಅವತ್ತೂ ಒಳಗೆ ಬಂದು ನನಗೆ ಹೇಳಿಯೇ ಹೋದರು. ಬಸ್ಸಿನಲ್ಲಿ ನಿದ್ದೆ ಹತ್ತಿ, ಬೇಲೂರು ದಾಟಿ ಅರೇಹಳ್ಳಿಯಲ್ಲಿ ಎಚ್ಚರವಾಯಿತಂತೆ. ಅಲ್ಲಿ ಯಾರೋ ಪುಣ್ಯಾತ್ಮರು ಊಟ ಹಾಕಿ, ಒಂದು ಪೊಟ್ಟಣ ಕಾಫಿಪುಡಿ ಕೊಟ್ಟು ವಾಪಸ್ ಬಸ್ಸು ಹತ್ತಿಸಿದರು. ದೇವಸ್ಥಾನ ನೋಡಲಿಲ್ಲ. ಕಾಫಿಪುಡಿಯನ್ನು ಅತ್ತೆಯ ಕೈಗಿಟ್ಟು ಮೇಡಮ್ಮ ಮಕ್ಕಳ ಹಾಗೆ ನಗುತ್ತಿದ್ದರು. ಅತ್ತೆ ನಗಲಿಲ್ಲ. "ಎಲ್ಡು ಸಲ ಆಯ್ತು ನೋಡು" ಎಂದು ನನಗಷ್ಟೇ ಕೇಳುವ ಹಾಗೆ ಅಂದರು. ಆ ಮಾತು ನನ್ನೊಳಗೆ ಆಗಲೇ ಇತ್ತು.

ಮೂರನೇ ಭಾನುವಾರ ನಾನು ಉಗ್ರಾಣಕ್ಕೆ ಒಳಗಿನಿಂದ ಅಗುಳಿ ಹಾಕಿಕೊಂಡೆ. ಮೇಡಮ್ಮ ಕರೆದರು, ಬಾಗಿಲು ತಟ್ಟಿದರು. ನಾನು ಅಗುಳಿ ತೆಗೆಯಲಿಲ್ಲ. ಅವರು ಹೋಗಿ ಅಂಗಳದಲ್ಲಿ ಚೀಲ ಇಟ್ಟುಕೊಂಡು ಕೂತರು.

"ಬಸ್ ಹೋಯ್ತದೆ ಕಣಮ್ಮ" ಅತ್ತೆ ಹೇಳಿದರು.

"ಓಗ್ಲಿ. ಅಕ್ಕ ಬರ್ದೆ ನಾನು ಓಗಲ್ಲ."

"ಅವ್ಳು ಬರಬಾರ್ದು. ಎದ್ರಿಗೆ ಬಂದ್ರೆ ನಿಂಗೇ ಒಳ್ಳೇದಲ್ಲ."

"ಯಾಕೆ?"

ಅತ್ತೆ ಹೇಳಲು ನೋಡಿದರು. ಅದನ್ನು ಮೇಡಮ್ಮನಿಗೆ ತಿಳಿಯುವ ಕನ್ನಡದಲ್ಲಿ ಹೇಳಲಾಗದೆ, ತಮ್ಮ ಕನ್ನಡದಲ್ಲಿ ಹೇಳಲು ಮನಸ್ಸು ಬಾರದೆ ಒದ್ದಾಡಿದರು. ಬಿಸಿಲು ಏರುತ್ತಿತ್ತು. ಒಬ್ಬಳನ್ನೇ ಕಳಿಸಿದರೆ ಈ ಸಲ ಯಾವ ಊರಲ್ಲಿ ಇಳಿಯುತ್ತಾಳೋ ಎಂಬ ಚಿಂತೆ ಬೇರೆ. ಕೊನೆಗೆ ಬಂದು ಉಗ್ರಾಣದ ಬಾಗಿಲು ಗುದ್ದಿದರು. "ಏಯ್, ಬಾರೇ ಆಚೆಗೆ. ಎದ್ರಿಗೆ ಬರಬಾರ್ದು ಅಂತ ತಾನೆ ಇರೋದು? ಪಕ್ಕದಲ್ಲಿ ಹೋಗು. ಪಕ್ಕದ ಮಾತು ಶಾಸ್ತ್ರದಲ್ಲಿಲ್ಲ!"

ಹೀಗೆ ಅಡುಗೆಮನೆ ಸೀರೆಯಲ್ಲೇ ನಾನು ಮನೆಯ ಹೊಸಿಲು ದಾಟಿದೆ. ಮೇಡಮ್ಮನಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗದ ಹಾಗೆ ನೋಡಿಕೊಂಡು ಅವರ ಪಕ್ಕಕ್ಕೆ ಪಕ್ಕವಾಗಿ ನಡೆದೆ.

ಅವತ್ತಿನಿಂದ ನನ್ನ ಭಾನುವಾರಗಳು ಶುರುವಾದವು. ಬೇಲೂರು ನೋಡಿದೆ. ಅಷ್ಟು ಹತ್ತಿರ ಹುಟ್ಟಿ ಬೆಳೆದವಳು ಅದುವರೆಗೆ ನೋಡಿರಲಿಲ್ಲ. ಆ ಮದನಿಕೆಯರನ್ನು ತಲೆ ಎತ್ತಿ ನೋಡಬೇಕಲ್ಲ, ನನಗೆ ತಲೆ ಎತ್ತಿ ಅಭ್ಯಾಸವೇ ತಪ್ಪಿತ್ತು. ಬಂದ ಮೇಲೆ ಕತ್ತು ನೋವು. ಅತ್ತೆ ಬಿಸಿ ಎಣ್ಣೆ ತಿಕ್ಕುತ್ತಾ, "ಕಲ್ಲು ನೋಡಿ ಕತ್ತು ಉಳುಕಿಸ್ಕೊಂಡೋಳು ನೀನೊಬ್ಬಳೇ" ಎಂದು ಬೈದರು. ಬೈಗುಳದಲ್ಲಿ ನಗು ಇತ್ತು. ಮೇಡಮ್ಮನ ಮುಖವೂ ಬದಲಾಗಿತ್ತು. ಮುದ್ದೆ ನುಂಗುವುದು ಕಲಿತರು, ಬಸ್ಸಿನಲ್ಲಿ ಸೀಟಿಗೆ ಟವೆಲ್ ಎಸೆಯುವುದು ಕಲಿತರು.

ಆಮೇಲೆ ಒಂದು ಸಲ ಹಳೇಬೀಡು. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಕೆರೆ ಕಡೆಯಿಂದ ತಣ್ಣನೆ ಗಾಳಿ. ಇದ್ದಕ್ಕಿದ್ದಂತೆ ಕೇಳಿದರು, "ಅಕ್ಕ, ನೀನು ಯಾಕೆ ಬಾಗಿಲ ಹಿಂದೆ ನಿಂತ್ಕಳದು?" ಅವರಿಗೆ ಗೊತ್ತಿದ್ದ ಮಾತುಗಳನ್ನೇ ಆರಿಸಿಕೊಂಡು ಹೇಳಿದೆ. ಗಂಡ ಸತ್ತ. ನನ್ನ ಮುಖ ನೋಡಿ ಹೊರಟವರಿಗೆ ಕೆಟ್ಟದಾಗುತ್ತದೆ. ಅವರು ಬೆರಳಿನ ಉಂಗುರ ತಿರುಗಿಸುತ್ತಾ ಮೆಲ್ಲಗೆ ಅಂದರು: "ನನ್ ಗಂಡಾನೂ ಇಲ್ಲ ಅಕ್ಕ. ಸತ್ತೋದ್ರು. ಅದಕ್ಕೇ ನಾನು ಇಷ್ಟು ದೂರ ಬಂದೆ."

ನಾನು ಅವರ ಕೈ ಹಿಡಿದುಕೊಳ್ಳಬೇಕಿತ್ತು. ಆದರೆ ನನಗೆ ಬಂದದ್ದು ನಗು. ಶುಕ್ರವಾರ ಶುಕ್ರವಾರ ಅತ್ತೆ ಹಿಡಿದು ನಿಂತ ತಟ್ಟೆ, ಬೆಳಿಗ್ಗೆ ಚಪ್ಪಲಿ ಮೆಟ್ಟಿ ಕಾಯುವ ಮಾವ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ನಕ್ಕು ನಕ್ಕು ಕೊನೆಗೆ ಅಳುವೇ ಬಂತು. ಆಮೇಲೆ ಭಯ ಹಿಡಿಯಿತು. ಅತ್ತೆಗೆ ಗೊತ್ತಾದರೆ? ಮನೆ ಬಿಡು ಅಂದರೆ? ಮೇಡಮ್ಮ ಹೋದರೆ ನನ್ನ ಭಾನುವಾರವೂ ಹೋಯಿತು, ಮತ್ತೆ ಅದೇ ಉಗ್ರಾಣ. ಹೇಳಬೇಡಿ ಎಂದು ಬೇಡಿಕೊಂಡೆ. ಅವರು ತಲೆ ಆಡಿಸಿದರು, ಹೂಂ ಎಂದೋ ಊಹೂಂ ಎಂದೋ ನನಗೆ ತಿಳಿಯಲಿಲ್ಲ.

ಶುಕ್ರವಾರ ಅತ್ತೆ ತಟ್ಟೆ ಹಿಡಿದು ಹೋದರು. ನಾನು ಬಾಗಿಲ ಹಿಂದೆ ನಿಂತೆ. ಅತ್ತೆಯ ಬೆರಳು ಹಣೆಯ ಹತ್ತಿರ ಹೋಗುವಾಗ ಮೇಡಮ್ಮ ಆ ಕೈ ಹಿಡಿದುಕೊಂಡರು. "ಬ್ಯಾಡಮ್ಮ. ನಾನೂ ಅಕ್ಕನ ಹಂಗೇ" ಎಂದರು. ಗಂಡ ಇಲ್ಲ ಎಂದು ಬಿಡಿಸಿ ಹೇಳಿದರು.

ಅತ್ತೆಯ ಕೈ ಹಾಗೇ ನಿಂತಿತು, ಬೆರಳ ತುದಿಯಲ್ಲಿ ಕುಂಕುಮ. ಜಗಲಿಯಲ್ಲಿ ಕೂತಿದ್ದ ಮಾವ ಕೆಮ್ಮಿದರು. ಮನೆ ವಿಚಾರದಲ್ಲಿ ಬಾಯಿ ಹಾಕುವವರೇ ಅಲ್ಲ ಅವರು.

"ಲೇ, ಇಷ್ಟು ದಿನ ಆ ಯಮ್ಮನ ಮುಖ ನೋಡ್ಕೊಂಡೇ ಮಂಡಿಗೆ ಹೋಗಿವ್ನಿ. ನಂಗೇನಾಗೈತೆ? ಗುಂಡುಕಲ್ಲಂಗಿವ್ನಿ."

"ನೀವು ಸುಮ್ಕಿರಿ" ಎಂದರು ಅತ್ತೆ. ಆದರೆ ದನಿಯಲ್ಲಿ ಬಿರುಸಿರಲಿಲ್ಲ. ಬೆರಳನ್ನು ತಟ್ಟೆಯ ಅಂಚಿಗೆ ಒರೆಸಿದರು. "ಗೊತ್ತಾದ್ಮೇಲೆ ಕುಂಕುಮ ಇಡಾಕೆ ನನ್ ಕೈ ಬರಲ್ಲ ಕಣಮ್ಮ, ಬೇಜಾರು ಮಾಡ್ಕಬ್ಯಾಡ. ಹೂವ ತಗೋ, ಹೂವಿಗೇನು" ಎಂದು ಕನಕಾಂಬರ ಮುಡಿಸಿದರು. ಒಳಗೆ ಬಂದು, ಉಳಿದ ತುಂಡನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟರು. ಯಾರಿಗೆ ಎಂದು ಹೇಳಲಿಲ್ಲ. ನಾನು ಅದನ್ನು ಮುಡಿಯಲಿಲ್ಲ, ವಾಪಸ್ಸೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಚಪ್ಪಲಿ ಸದ್ದು ಕೇಳಿ ನಾನು ಅಭ್ಯಾಸದಂತೆ ಉಗ್ರಾಣಕ್ಕೆ ಹೊರಟೆ. ಬಾಗಿಲಿಂದ ಮಾವ ಕೂಗಿದರು, "ಏನವ್ವ, ಒಂದು ಲೋಟ ನೀರು ತತ್ತಾ." ಅತ್ತೆ ಒಲೆಯ ಮುಂದಿದ್ದರು, ತಿರುಗಿ ನೋಡಲಿಲ್ಲ. ಲೋಟ ಹಿಡಿದು ಹೋದೆ, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಮಾವ ನನ್ನ ಎದುರಿಗೆ ನಿಂತು ಉಳಿದದ್ದನ್ನು ನಿಧಾನವಾಗಿ ಕುಡಿದರು. "ಬತ್ತೀನಿ ಕಣವ್ವ" ಎಂದು ಹೊರಟರು. ಮಧ್ಯಾಹ್ನ ಅವರು ಊಟಕ್ಕೆ ಬರುವವರೆಗೂ ನಾನೂ ಅತ್ತೆಯೂ ಬೀದಿ ನೋಡುತ್ತಲೇ ಇದ್ದೆವು. ಬಂದರು, ಕೈ ತೊಳೆದರು, ಸಾರಿಗೆ ಉಪ್ಪು ಕಮ್ಮಿ ಎಂದರು. ಅಷ್ಟೇ.

ಮೇಡಮ್ಮ ಎರಡು ವರ್ಷದ ಮೇಲೆ ಊರಿಗೆ ಹೊರಟರು. ರೈಲ್ವೆ ಸ್ಟೇಷನ್ನಿಗೆ ಎಲ್ಲರೂ ಹೋಗಿದ್ದೆವು. ಅಷ್ಟು ದೂರದ ದಾರಿ, ಸಮುದ್ರ ದಾಟಬೇಕು... ನನ್ನ ಕಾಲು ತಾನೇ ಹಿಂದೆ ಸರಿದು ಒಂದು ಕಂಬದ ಮರೆಗೆ ಹೋಗಿತ್ತು. ಹಳೆಯ ಭಯ ಪೂರ್ತಿ ಹೋಗುವುದಿಲ್ಲ ಮಕ್ಕಳೇ. ಮೇಡಮ್ಮ ಬೋಗಿಯ ಬಾಗಿಲಲ್ಲಿ ನಿಂತು ಹುಡುಕುತ್ತಿದ್ದರು. "ಅಕ್ಕ, ಎದ್ರಿಗೆ ಬಾ" ಎಂದರು. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟು, "ಹೋಗೇ, ರೈಲು ಬಿಡ್ತದೆ" ಎಂದು ಮುಂದಕ್ಕೆ ತಳ್ಳಿದರು. ಹೋಗಿ ನೇರ ಅವರ ಮುಖದ ಎದುರಿಗೆ ನಿಂತೆ. ರೈಲು ಮೆಲ್ಲಗೆ ಸರಿಯುವವರೆಗೂ ಅವರು ಕಣ್ಣು ತೆಗೆಯಲಿಲ್ಲ.

ಸುಖವಾಗಿ ತಲುಪಿದರು ಎಂದು ಶಾಲೆಯವರು ತಿಳಿಸುವವರೆಗೆ ನಾನು ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಕೆಲವು ವರ್ಷ ಹೊಸ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ನಾವು ಮನೆ ಬದಲಾಯಿಸಿದೆವು, ಅತ್ತೆ ಮಾವ ಹೋದರು, ಕಾರ್ಡು ನಿಂತಿತು. ಈಗ ಬದುಕಿದ್ದಾರೋ ಇಲ್ಲವೋ... ಇದ್ದರೆ ಎಂಬತ್ತರ ಹತ್ತಿರ. ಕೇಳಿ ತಿಳಿಯಲು ಯಾರೂ ಇಲ್ಲ.

ಹೋದ ಭಾನುವಾರ ಹೊರಡುವ ಮುಂಚೆ ದೊಡ್ಡವಳು ಟ್ಯೂಬಿನಲ್ಲಿ ಉಳಿದದ್ದನ್ನು ಹಿಂಡಿ, "ನಿಂಗೂ ಇರ್ಲಿ ಅಜ್ಜಿ" ಎಂದು ನನ್ನ ಕೆನ್ನೆಗೆ ಸವರಿದಳಲ್ಲ. ಅದೇ ಮುಖದಲ್ಲಿ ನಾನು ಬೀದಿಗೆ ಬಂದು ನಿಮ್ಮ ಕಾರಿನ ಎದುರಿಗೆ ನಿಂತೆ. ಚಿಕ್ಕವನೇ, ಯಾಕೆ ನಿಲ್ಲುತ್ತೇನೆ ಎಂದು ಕೇಳಿದೆಯಲ್ಲ, ಇದಕ್ಕೇ. ನೀವು ತಿರುವು ದಾಟಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಸಂಜೆ ನೀವು ಹಾರನ್ ಹೊಡೆದು ಬರುವವರೆಗೂ ಮುಖ ತೊಳೆಯಲಿಲ್ಲ.