ತೇಲುವ ಸೆನ್ಸರ್, ತಳದ ಉಪ್ಪು

2022ರ ನವೆಂಬರ್‌ನಲ್ಲಿ ಉಡುಪಿ ಬಳಿಯ ಮಟ್ಟುವಿನ ಹಿನ್ನೀರಿನ ಅಂಚಿನ ಗದ್ದೆಯೊಂದರಲ್ಲಿ ಗುಳ್ಳ ಬದನೆಯ ಸಸಿಗಳು ನಾಲ್ಕೇ ದಿನಗಳಲ್ಲಿ ಬಾಡತೊಡಗಿದವು. ಆ ನಾಲ್ಕೂ ದಿನ ಮಣಿಪಾಲದ ನಮ್ಮ ಕಚೇರಿಯ ಕಂಪ್ಯೂಟರ್ ಪರದೆ ಅಲ್ಲಿನ ತೋಡಿನ, ಅಂದರೆ ಗದ್ದೆಗೆ ನೀರುಣಿಸುವ ಸಣ್ಣ ಹಳ್ಳದ, ನೀರು ಸಿಹಿಯಾಗಿದೆ ಎಂದೇ ತೋರಿಸುತ್ತಿತ್ತು.

ನಾನಾಗ ಸರಕಾರದ ಸಣ್ಣ ತಾಂತ್ರಿಕ ಘಟಕವೊಂದರಲ್ಲಿ ಸಹಾಯಕ ಎಂಜಿನಿಯರ್. ರಸ್ತೆ ಮುಗಿದ ಮೇಲೂ ಬದುವಿನಲ್ಲಿ ನಡೆದು ತಲುಪಬೇಕಾದ ಹಿನ್ನೀರಿನ ಊರುಗಳಿಗೆ ನೀರಿನ ಮಾಹಿತಿಯನ್ನು ಮೊಬೈಲಿನಲ್ಲಿ ಕಳಿಸುವುದು ನಮ್ಮ ಕೆಲಸ. ಅಲ್ಲಿನ ತೋಡುಗಳಿಗೆ ಕಿಂಡಿ ಅಣೆಕಟ್ಟುಗಳಿವೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಸಮುದ್ರದ ನೀರು ಒಳಗೆ ಬಾರದಂತೆ ತಡೆಯುತ್ತಾರೆ. ಬೇಗ ಹಾಕಿದರೆ ಕೊನೆಯ ಮಳೆಗೆ ಭತ್ತದ ಗದ್ದೆ ಮುಳುಗುತ್ತದೆ. ತಡವಾದರೆ ಉಪ್ಪು ನುಗ್ಗುತ್ತದೆ. ಆ ದಿನವನ್ನು ಬಹಳ ವರ್ಷಗಳಿಂದ ಹೇಳುತ್ತಿದ್ದವರು ಹಲಗೆಯ ಉಸ್ತುವಾರಿ ವಾಸು ಪೂಜಾರಿ. ಆ ವರ್ಷ ಆ ಕೆಲಸವನ್ನು ನಮ್ಮ ಸೆನ್ಸರಿಗೆ ವಹಿಸಲಾಗಿತ್ತು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಸೆನ್ಸರ್ ಅಳೆಯುವುದು ಅದನ್ನೇ. ಅದು ಉಪ್ಪು ತೋರಿಸುವವರೆಗೆ ಹಲಗೆ ಇಳಿಸುವಂತಿರಲಿಲ್ಲ.

ಫೋನ್ ಮಾಡಿದವರು ಸಸಿ ಬಾಡಿದ ಆ ಗದ್ದೆಯ ಒಡತಿ ಗಿರಿಜಾ. "ಸಾರ್, ನೀರು ಒಳ್ಳೆದುಂಟು ಅಂತ ನಿಮ್ಮ ಮೆಸೇಜ್ ಬಂದಿದೆ. ಹಾಗಾದ್ರೆ ನನ್ನ ಸಸಿಗೆ ಎಂತ ಆದದ್ದು? ಇದು ಹೋದ್ರೆ ಮುಂದಿನ ವರ್ಷಕ್ಕೆ ಬೀಜವೂ ಇಲ್ಲ." ಅವರು ಅಂಗಡಿಯ ಬೀಜ ಬಿತ್ತುವವರಲ್ಲ. ಅತ್ತೆಯ ಕಾಲದಿಂದಲೂ ಪ್ರತಿ ವರ್ಷ ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಬೀಜ ತೆಗೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಹೋದೆ. ಎಲೆಗಳ ಅಂಚು ಸುಟ್ಟಂತಿತ್ತು. ಸೆನ್ಸರ್ ಕೆಟ್ಟಿರಬೇಕೆಂದು ಅದರ ಪಕ್ಕದಲ್ಲೇ ಕೈಮೀಟರ್ ಅದ್ದಿದೆ. ಎರಡೂ ಒಂದೇ ಅಂಕಿ ತೋರಿಸಿದವು. ಸಿಹಿನೀರು.

ಅಣೆಕಟ್ಟಿನ ಮೇಲೆ ಕುಳಿತಿದ್ದ ವಾಸು ಪೂಜಾರಿ ನಕ್ಕರು. "ನಿಮ್ಮ ಮಿಷನ್ ಸುಳ್ಳು ಹೇಳುದಿಲ್ಲ ಸಾರ್. ಮೇಲೆ ಮೇಲೆ ನೆಕ್ಕಿ ಬರ್ತದೆ, ಅಷ್ಟೆ."

"ಹಾಗಾದರೆ ಉಪ್ಪು?"

"ಅಡಿಯಲ್ಲಿ ಉಂಟು. ಕೇಳಿದ್ರೆ ಹೇಳ್ತಿದ್ದೆ ಮಾರಾಯ್ರೆ. ಕೇಳಿದ್ದು ಯಾರು?"

ನನ್ನ ಜೊತೆಗೆ ಬಂದಿದ್ದ ಗಿರಿಜಾ ಸಿಡಿದರು. "ನನಗಾದ್ರೂ ಹೇಳಬಹುದಿತ್ತಲ್ಲ ವಾಸಣ್ಣ!"

"ನೀನು ಫೋನ್ ನೋಡಿಯೇ ಪಂಪ್ ಹಾಕಿದ್ದು ಅಲ್ವಾ?" ಎಂದ ವಾಸು ಪೂಜಾರಿ ಗಿರಿಜಾ ಅವರ ಮುಖ ನೋಡಿ ಎದ್ದರು.

ಪಕ್ಕದಲ್ಲಿ ಹಲಗೆಗಳನ್ನಿಡುವ ಗುಡಿಸಲಿನೊಳಗಿನಿಂದ ಒಂದು ಸೋಡಾ ಬಾಟಲಿ ತಂದರು. ಅದಕ್ಕೆ ಕಲ್ಲೂ ಒಂದು ಹಗ್ಗವೂ ಕಟ್ಟಿತ್ತು. ಬಾಯಿಗೆ ತೆಂಗಿನ ನಾರಿನ ಬಿರಡೆ, ಬಿರಡೆಗೆ ಬೇರೆಯೇ ಒಂದು ಹಗ್ಗ. ಬಾಟಲಿಯನ್ನು ತೋಡಿಗೆ ಇಳಿಸಿ, ಅದು ತಳ ಮುಟ್ಟಿದ ಮೇಲೆ ಬಿರಡೆಯ ಹಗ್ಗ ಎಳೆದು ಕಿತ್ತರು. ಮೇಲೆ ಬಂದ ನೀರನ್ನು ನಾಲಿಗೆಗೆ ತಾಗಿಸಿ ಉಗಿದು, ಬಾಟಲಿಯನ್ನು ನನ್ನ ಕೈಗಿತ್ತರು. ಮೀಟರಿನ ಅಂಕಿ ಮೇಲಿನ ನೀರಿನದ್ದಕ್ಕಿಂತ ಹತ್ತು ಪಟ್ಟು ಮೀರಿತ್ತು.

ಉಪ್ಪುನೀರು ಭಾರ. ಉಬ್ಬರದಲ್ಲಿ ಅದು ತಳ ಹಿಡಿದು ಒಳಬರುತ್ತದೆ, ಸಿಹಿನೀರು ಅದರ ಮೇಲೆ ನಿಲ್ಲುತ್ತದೆ. ಕೆಸರಿನಲ್ಲಿ ಹೂತುಹೋಗದಿರಲಿ, ಮೀನಿನ ಬಲೆಗೆ ಸಿಕ್ಕದಿರಲಿ ಎಂದು ಸೆನ್ಸರನ್ನು ತೇಲುವ ಡಬ್ಬಿಗೆ ಕಟ್ಟಿಸಿದ್ದೆವು. ಆ ನಕ್ಷೆಗೆ ಸಹಿ ಮಾಡಿದವನು ನಾನು. ಗಿರಿಜಾ ಅವರ ಪಂಪಿನ ಕೊಳವೆಯ ತುದಿಯಲ್ಲಿದ್ದ ಫುಟ್‌ವಾಲ್ವ್ ನೀರೆಳೆಯುತ್ತಿದ್ದದ್ದು ತಳದಿಂದ.

ಅಡಿಯ ನೀರು ಹೊರಹೋಗಲೆಂದು ವಾಸು ಪೂಜಾರಿ ಇಳಿತದವರೆಗೆ ಕಾಯಿಸಿದರು. ನಂತರ ಊರಿನ ಇಬ್ಬರನ್ನು ಕರೆದು, ನಾನೂ ಅವರೂ ಸೇರಿ ನಾಲ್ವರು ಹಲಗೆ ಇಳಿಸಿದೆವು. ಗಿರಿಜಾ ನೆರೆಮನೆಯ ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ಸಸಿಗಳ ಬುಡ ತೊಳೆದರು. ಎರಡು ಸಾಲು ಸತ್ತವು. ಉಳಿದವು ಚಿಗುರಿದವು.

ಮರುವರ್ಷ ಎರಡು ಆಳಗಳಲ್ಲಿ ಸೆನ್ಸರ್ ಕೂರಿಸಿದೆವು. ವಾಸು ಪೂಜಾರಿಯವರು ತೆಗೆದ ತಳದ ನೀರಿನ ಅಂಕಿ ದಾಖಲಾಗದೆ ಸಂದೇಶ ಹೋಗುವುದಿಲ್ಲ. ಯಾವ ಊರಿಗೆ ಯಂತ್ರ ಒಯ್ಯುವ ಮುನ್ನವೂ, ಈ ಕೆಲಸವನ್ನು ಇದುವರೆಗೆ ಯಾರು, ಹೇಗೆ ಮಾಡುತ್ತಿದ್ದರು ಎಂದು ಈಗ ಮೊದಲು ವಿಚಾರಿಸುತ್ತೇನೆ.

ಗಿರಿಜಾ ಅವರಿಗೆ ಬೀಜ ಉಳಿಯಿತು. ಆ ವರ್ಷ ನಮ್ಮ ಸಂದೇಶ ಬೇಡವೆಂದಿದ್ದ ಆ ತೋಡಿನ ಉಳಿದ ಬೆಳೆಗಾರರೆಲ್ಲ ಪಟ್ಟಿಗೆ ಮತ್ತೆ ಹೆಸರು ಕೊಟ್ಟಿದ್ದಾರೆ. ಗಿರಿಜಾ ಕೊಟ್ಟಿಲ್ಲ.