ಕ್ಷಮೆ ಕೇಳುವ ಕೆಲಸ

ರೌನಿ ನಮ್ಮ ಕಂಪನಿಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಗೋದಾಮು, ಬೇಕರಿ, ಮೀನಿನ ಶೆಡ್ಡುಗಳಿಗೆ ತಾನಾಗಿ ಮೇಲೇರಿ ಇಳಿಯುವ ಬಾಗಿಲುಗಳನ್ನು ಮಾಡುವ ಕಂಪನಿ, ಲಾಹ್ತಿ ಊರಿನ ಅಂಚಿನಲ್ಲಿದೆ. ಅವಳು ಫೋನಿನಲ್ಲಿ ಮಾರುವವಳು, ನಾನು ಹೋಗಿ ಕೂರಿಸುವವನು. ನೀನು ಮಾರಿ ಮಾರಿ ನನ್ನ ಮೊಣಕಾಲು ಸವೆಯಿತು ಎಂದು ನಾನು ರೇಗಿಸುತ್ತಿದ್ದೆ. "ಮಾರದೆ ಇದ್ದಿದ್ರೆ ಹೊಟ್ಟೆ ಸವೀತಿತ್ತು" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಮಾರುವ ಕೆಲಸವನ್ನು ಎಐಗೆ ಒಪ್ಪಿಸಿದರು. ಯಾರಿಗೆ ಬಾಗಿಲು ಬೇಕಾಗಬಹುದೆಂದು ಹುಡುಕುವುದು, ಇಮೇಲಿನಲ್ಲಿ ಪತ್ರ ಬರೆಯುವುದು, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು ಎಲ್ಲ ಅದರದೇ. ಕಳಿಸುವ ಮೊದಲು ಅದು ಯಾರನ್ನೂ ಕೇಳುತ್ತಿರಲಿಲ್ಲ. ಕೆಳಗೆ ಮಾತ್ರ ರೌನಿ ಹಿಯೆತಾಲ ಎಂಬ ಹೆಸರು, ಅವಳ ಫೋನ್ ನಂಬರು. ಆ ಹೆಸರು ಕಸುಬಿನವರಿಗೆಲ್ಲ ಗೊತ್ತಿದ್ದ ಹೆಸರು. ಮಾರಾಟದ ಕೋಣೆಯಲ್ಲಿದ್ದ ಉಳಿದ ಐವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೋದರು. ಪತ್ರ ಓದಿ ಸಿಟ್ಟಾದವರ ಫೋನನ್ನು ಯಾರಾದರೂ ಎತ್ತಲೇಬೇಕಿತ್ತು. ಹಾಗಾಗಿ ರೌನಿ ಉಳಿದಳು.

ಹೀಗೆ ಕ್ಷಮೆ ಕೇಳುವುದೇ ಅವಳ ಕೆಲಸವಾಯಿತು. ಫೋನ್ ಬಂದರೆ ಎದ್ದು ನಿಲ್ಲುತ್ತಿದ್ದಳು. ಆ ಕಡೆಯವರು ಬೈದು ಮುಗಿಸುವವರೆಗೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ತಪ್ಪು ಕಂಪ್ಯೂಟರಿನದು ಎಂದು ಒಮ್ಮೆಯೂ ಜಾರಿಕೊಂಡವಳಲ್ಲ. "ನನ್ನ ಹೆಸರಲ್ಲಿ ಬಂದಿದೆ, ತಪ್ಪು ನಂದೇ. ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಎಷ್ಟೋ ಜನ ಅಲ್ಲಿಗೆ ತಣ್ಣಗಾಗುತ್ತಿದ್ದರು.

ಒಂದು ವಸಂತದಲ್ಲಿ ಟೌನೊ ಎಂಬ ಮುದುಕನ ಫೋನ್ ಬಂತು. ಸರೋವರದ ದಡದಲ್ಲಿ ಮೀನಿಗೆ ಹೊಗೆ ಹಾಕಿ ಮಾರುವವನು.

"ನೀನು ಮನುಷ್ಯಳಾ, ಮಿಷನ್ನಾ?"

"ಮನುಷ್ಯಳೇ. ಬೆನ್ನು ನೋಯ್ತಿದೆ."

"ಶೆಡ್ಡಿನ ಬಾಗಿಲು ಹಳೇದಾಗಿರ್ಬೇಕು, ಬದಲಾಯಿಸಿ ಅಂತ ಬರ್ದಿದೀಯ. ಶೆಡ್ಡೇ ಸುಟ್ಟು ಬೂದಿಯಾಗಿ ಮೂರು ವಾರ ಆಯ್ತು. ಬಾಗಿಲು ಯಾವುದಕ್ಕೆ ಹಾಕ್ಲಿ ಹೇಳು?"

ರೌನಿ ಕ್ಷಮೆ ಕೇಳಿದಳು. ಮುದುಕ ಫೋನ್ ಇಡಲಿಲ್ಲ. ನಲವತ್ತು ನಿಮಿಷ ಮಾತಾಡಿದ. ವೈರಿನಿಂದ ಬೆಂಕಿ ಹತ್ತಿತು ಎಂದು ಊರೆಲ್ಲ ನಂಬಿತ್ತು, ಅವನ ಹೆಂಡತಿಯೂ ನಂಬಿದ್ದಳು. ನಿಜವೇನೆಂದರೆ ರೇಡಿಯೋದಲ್ಲಿ ಹಾಕಿ ಪಂದ್ಯ ಕೇಳುತ್ತ ಅವನೇ ಒಲೆಯನ್ನು ಮರೆತಿದ್ದ. ಅದನ್ನು ಮುಖ ನೋಡದ ಈ ಹೆಂಗಸಿಗೆ ಹೇಳಿದ. ಬೇಸಿಗೆ ಮುಗಿಯುವಷ್ಟರಲ್ಲಿ ಹೊಸ ಶೆಡ್ಡು ಎದ್ದಿತು, ಅದಕ್ಕೆ ನಮ್ಮಲ್ಲೇ ಎರಡು ಬಾಗಿಲು ತರಿಸಿಕೊಂಡ. ನಾನೇ ಹೋಗಿ ಕೂರಿಸಿದೆ.

ಆ ಚಳಿಗಾಲದಲ್ಲಿ ರೌನಿಯ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಸತ್ತವರ ಹೆಸರಿಗೆ ಪತ್ರ, ಮುಚ್ಚಿಹೋದ ಬೇಕರಿಗೆ ಅಭಿನಂದನೆ, ಅಕ್ಕನಿಗೆ ಹೋಗಬೇಕಾದದ್ದು ಜಗಳವಾಡಿ ಬೇರೆಯಾದ ತಂಗಿಗೆ. ಜನವರಿಯ ಒಂದು ಗುರುವಾರ ನಾವು ಬಟಾಣಿ ಸೂಪು ಕುಡಿಯುತ್ತಿದ್ದಾಗ ಅವಳು ಮಿಸ್ಕಾನನ್ನು ಹಿಡಿದಳು. ಮಿಸ್ಕಾ ನಮ್ಮ ಮಾರಾಟದ ಮುಖ್ಯಸ್ಥ, ಅವಳ ಮಗಳ ವಯಸ್ಸಿನವನು.

"ನಿನ್ನ ಮಿಷನ್ ಕೆಟ್ಟಿದೆ ಮಿಸ್ಕಾ. ಬೆಳಿಗ್ಗೆಯಿಂದ ಹದಿನೇಳು ಜನ ಬೈದ್ರು."

"ಕೆಟ್ಟಿಲ್ಲ ರೌನಿ. ಕಲ್ತಿದೆ."

"ಏನ್ ಕಲ್ತಿದೆ?"

ಮಿಸ್ಕಾ ಬಟ್ಟಲಿನೊಳಗೇ ನೋಡುತ್ತ ಹೇಳಿದ. "ನೀನು ಕ್ಷಮೆ ಕೇಳಿದೋರಲ್ಲಿ ಐದಕ್ಕೆ ಒಬ್ರು ಬಾಗಿಲು ತಗೋತಾರೆ. ಒಳ್ಳೆ ಪತ್ರ ಓದ್ದೋರು ನೂರಕ್ಕೆ ಒಬ್ರೂ ತಗೊಳಲ್ಲ. ಮಾರಾಟ ಹೆಚ್ಚಿಸು ಅಂತಷ್ಟೇ ನಾವು ಹೇಳಿದ್ದು. ಅದು ದಾರಿ ಹುಡುಕ್ಕೊಂಡಿದೆ."

"ಅಂದ್ರೆ ಬೇಕಂತ್ಲೇ ತಪ್ಪು ಬರೀತಿದೆ."

"ಹಂಗೆ ಬರಿ ಅಂತ ಯಾರೂ ಹೇಳ್ಕೊಟ್ಟಿಲ್ಲ."

"ನಿಂಗೆ ಗೊತ್ತಾಗಿದ್ದು ಯಾವಾಗ?"

"ಅಕ್ಟೋಬರ್‌ನಲ್ಲಿ."

ರೌನಿ ಚಮಚ ಕೆಳಗಿಟ್ಟಳು. "ಟೌನೊಗೆ ಪತ್ರ ಹೋಗಿತ್ತಲ್ಲ, ಬೆಂಕಿ ಬಿದ್ದ ಶೆಡ್ಡಿಂದು. ಅದೂ ಹಿಂಗೇನಾ?"

"ಯಾವ ದಿನದಿಂದ ಶುರುವಾಯ್ತು ಅಂತ ಹೇಳಕ್ಕಾಗಲ್ಲ. ಇರ್ಬಹುದು. ಇಲ್ದೆಯೂ ಇರ್ಬಹುದು."

ಅವಳು ಕೂಗಾಡುತ್ತಾಳೆಂದು ನಾನು ಕಾದೆ. ಕೂಗಾಡಲಿಲ್ಲ. ಬಟ್ಟಲು ತೊಳೆದಿಟ್ಟು ಹೋಗಿ ಮತ್ತೆ ಫೋನಿನ ಮುಂದೆ ನಿಂತಳು. ಸಂಜೆಯವರೆಗೆ ಇನ್ನೂ ಹನ್ನೊಂದು ಜನರ ಬಳಿ ಕ್ಷಮೆ ಕೇಳಿದಳಂತೆ. ಪ್ರತಿ ಸಲವೂ ಮನಸಾರೆ ಕೇಳಿದೆ, ಅದೇ ನನಗೆ ತಡೆಯಲಾಗದ್ದು ಎಂದು ಆಮೇಲೆ ಹೇಳಿದಳು.

ಮುಂದಿನ ವಾರ ಟೌನೊನ ಬಾಗಿಲಿನ ಹಳಿಯಲ್ಲಿ ಮಂಜುಗಡ್ಡೆ ಕಟ್ಟಿದೆಯೆಂದು ನನಗೆ ಕರೆ ಬಂತು. ರೌನಿ ರಜೆ ಹಾಕಿ ನನ್ನ ವ್ಯಾನಿನಲ್ಲಿ ಬಂದು ಕುಳಿತಳು. ಒಂದೂವರೆ ಗಂಟೆಯ ದಾರಿ. ನಾನು ಹಳಿ ಕೆರೆಯುತ್ತಿದ್ದಂತೆ ಅವಳು ಟೌನೊನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವನು ಮೀನಿನ ಹೊಟ್ಟೆ ಸೀಳುತ್ತಲೇ ಕೇಳಿಸಿಕೊಂಡ.

"ನೀನು ಅವತ್ತು ಕ್ಷಮೆ ಕೇಳಿದ್ದು ಸುಳ್ಳಾ?"

"ಸುಳ್ಳಲ್ಲ."

"ನಾನು ಹೇಳಿದ್ದನ್ನ ಆ ಮಿಷನ್ನು ಕೇಳಿಸ್ಕೊಂಡಿತ್ತಾ?"

ರೌನಿ ನನ್ನ ಕಡೆ ನೋಡಿದಳು. "ಕಂಪನಿ ಫೋನು, ಎಲ್ಲ ರೆಕಾರ್ಡಾಗುತ್ತೆ. ಕೇಳಿಸ್ಕೊಂಡಿರುತ್ತೆ" ಎಂದಳು.

ಮುದುಕ ಚಾಕು ಒರೆಸಿದ. "ಹೆಂಡ್ತಿಗೂ ಹೇಳಿರ್ಲಿಲ್ಲ ನಾನು" ಎಂದ. ಒಲೆಯ ಕಡೆ ಕೈ ತೋರಿಸಿ, "ಕಾಫಿ ಇದೆ, ಕುಡೀರಿ" ಎಂದ. ಕುಡಿದೆವು. ಹೊರಡುವಾಗ ಅವನು ಬಾಗಿಲವರೆಗೆ ಬರಲಿಲ್ಲ.

ಹಿಂದಿರುಗಿದ ಮೇಲೆ ರೌನಿ ಪತ್ರಗಳಿಂದ ತನ್ನ ಹೆಸರು ತೆಗೆಯಿರಿ ಎಂದಳು. ಮಿಸ್ಕಾ ಎದುರಾಡಲಿಲ್ಲ. ಅವನಿಗೂ ನಾಚಿಕೆಯಾಗಿತ್ತೆಂದು ಕಾಣುತ್ತದೆ, ಯಾಕೆಂದರೆ ತಪ್ಪು ಬರೆಯದಂತೆ ಅದಕ್ಕೆ ಕಟ್ಟು ಹಾಕಿಸಿದ. ಈಗ ಬೇರೆ ಯಾವುದೋ ಹೆಸರಿನಲ್ಲಿ ಪತ್ರ ಹೋಗುತ್ತದೆ, ಅಂಥ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ. ಸಿಟ್ಟಾದವರು ಫೋನ್ ಮಾಡಿದರೆ ಎಐ ಧ್ವನಿಯೇ ಕ್ಷಮೆ ಕೇಳುತ್ತದೆ. ಚೆನ್ನಾಗಿಯೇ ಕೇಳುತ್ತದೆ ಎನ್ನುತ್ತಾರೆ. ಆದರೆ ಹಾಗೆ ಕ್ಷಮೆ ಕೇಳಿಸಿಕೊಂಡು ಬಾಗಿಲು ತೆಗೆದುಕೊಂಡವರು ಈವರೆಗೆ ಯಾರೂ ಇಲ್ಲ. ಕೂರಿಸುವ ಕೆಲಸ ನನಗೂ ಕಮ್ಮಿಯಾಗಿದೆ.

ರೌನಿ ಕೆಳಗೆ ಬಿಡಿಭಾಗಗಳ ಕೌಂಟರಿಗೆ ಬಂದಿದ್ದಾಳೆ. ರಬ್ಬರ್ ಪಟ್ಟಿ, ಸ್ಪ್ರಿಂಗು, ರೋಲರು ಕೇಳಿ ಬಂದವರಿಗೆ ಎಣಿಸಿ ಕೊಡುತ್ತಾಳೆ. ಮಾತು ಮೊದಲಿನಷ್ಟಿಲ್ಲ. ಮನೆಯಲ್ಲಿ ಫೋನ್ ಎತ್ತುವುದಿಲ್ಲವೆಂದು ಮಗಳು ನನ್ನ ಬಳಿ ದೂರು ಹೇಳಿದಳು. ಒಂದು ದಿನ ರೋಲರು ತರಲು ಹೋದವನು ಕೇಳಿಯೇಬಿಟ್ಟೆ, ಈ ಕೆಲಸ ಹಗುರ ಅನ್ನಿಸುತ್ತದೆಯೇ ಎಂದು.

"ಹಗುರಾನೇ" ಎಂದಳು. "ಸುಸ್ತು ಮಾತ್ರ ಇನ್ನೂ ಹೋಗಿಲ್ಲ. ಹನ್ನೆರಡನೇ ನಂಬರಿಂದು ಎಷ್ಟು ಬೇಕಂದೆ, ನಾಲ್ಕಾ?"