ವಿಶಾಲಕೋನದ ಒಂದು ಅಂಕ

ನಮ್ಮ ಶಾಲೆಯ ಗಣಿತದ ಟೀಚರನ್ನು ಮಕ್ಕಳು ಬೆನ್ನ ಹಿಂದೆ ‘ಕೈವಾರದಮ್ಮ’ ಎನ್ನುತ್ತಿದ್ದರು. ಕೈಚೀಲದಿಂದ ಮರದ ಕೈವಾರದ ಒಂದು ಕಾಲು ಸದಾ ಹೊರಗೆ ಇಣುಕುತ್ತಿತ್ತು. ನಾನು ಭಾಷೆ ಕಲಿಸುವವಳು, ಗಣಿತ ನನಗೆ ಕಬ್ಬಿಣದ ಕಡಲೆ. ಆದರೆ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಅವರ ಪಕ್ಕದ ಮೇಜಿನಲ್ಲಿ ಕೂತವಳು. ಬೇಡವೆಂದರೂ ಒಂದಿಷ್ಟು ಕಿವಿಗೆ ಬಿದ್ದಿದೆ.

ಶಾಲೆ ಬಿಟ್ಟ ಮೇಲೆ ಅವರು ಒಲಿಂಪಿಯಾಡ್ ತರಗತಿ ನಡೆಸುತ್ತಿದ್ದರು. ಲೆಕ್ಕಗಳನ್ನು ಪುಸ್ತಕದಿಂದ ಎತ್ತುತ್ತಿರಲಿಲ್ಲ, ತಾವೇ ಕಟ್ಟುತ್ತಿದ್ದರು. ಯಾರಾದರೂ ಬೋರ್ಡಿನ ಮೇಲೆ ಅಂದವಾದ ತ್ರಿಭುಜ ಬರೆದರೆ ಅಳಿಸಿ, ಒಂದು ಕಡೆಗೆ ವಾಲಿದ ಸೊಟ್ಟ ತ್ರಿಭುಜ ಬರೆಯುತ್ತಿದ್ದರು. “ಚಿತ್ರ ಚೆಂದ ಆದಷ್ಟೂ ಮೋಸ ಜಾಸ್ತಿ ಕಣ್ರೋ. ಇದ್ರಲ್ಲೂ ನಿಮ್ಮ ಮಾತು ನಿಲ್ಲುತ್ತಾ ನೋಡಿ” ಎನ್ನುತ್ತಿದ್ದರು.

ಆ ತರಗತಿಯಲ್ಲಿ ಅವರ ಮಗಳೂ ಇದ್ದಳು. ಜಾಣೆ. ಎಲ್ಲರಿಗಿಂತ ಮೊದಲು ಕೈ ಎತ್ತಿದರೂ ಟೀಚರ್ ಆ ಕಡೆ ನೋಡದೆ “ಬೇರೆ ಯಾರಾದ್ರೂ?” ಎಂದು ಕೇಳುತ್ತಿದ್ದರು. ಸ್ವಂತ ಮಗಳನ್ನು ಮೆರೆಸುತ್ತಾಳೆ ಎಂದು ಯಾರೂ ಬೆರಳು ತೋರಿಸಬಾರದು, ಅದೊಂದೇ ಅವರ ಚಿಂತೆ. “ಹಿತ್ತಲ ಗಿಡ ಮದ್ದಲ್ಲ ಅಲ್ವಾ?” ಎಂದು ಒಮ್ಮೆ ಕೆಣಕಿದೆ. ಅವರು ನಗಲಿಲ್ಲ.

ಆ ವರ್ಷ ದೊಡ್ಡ ತರಬೇತಿ ಶಿಬಿರಕ್ಕೆ ನಮ್ಮ ಶಾಲೆಯಿಂದ ಒಬ್ಬರನ್ನು ಮಾತ್ರ ಕಳಿಸಬಹುದಿತ್ತು. ವಯಸ್ಸಿನ ಮಿತಿಯಿಂದಾಗಿ ಮಗಳಿಗೆ ಅದೇ ಕೊನೆಯ ಅವಕಾಶ. ಆಯ್ಕೆ ಪರೀಕ್ಷೆ ನಡೆಯಿತು. ತಿದ್ದಲು ಟೀಚರನ್ನು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಮಗಳು ಒಂದೇ ಒಂದು ಅಂಕದಿಂದ ಹಿಂದೆ ಬಿದ್ದಳು. ಯೋಚಿಸುವಾಗ ಬೆಂಚಿನ ಮೇಲೆ ಪೆನ್ಸಿಲ್ ಕುಟ್ಟುವ ‘ಟಕಟಕ’ ಎಂಬ ಹುಡುಗನ ಹೆಸರು ಶಿಬಿರಕ್ಕೆ ಹೋಯಿತು. ಮಗಳು ಅಳಲಿಲ್ಲ, ಅವನ ಕೈ ಕುಲುಕಿದಳು. ಟೀಚರ್ ಹಗುರಾದಂತೆ ಕಂಡರು. ಎಂಥ ತಾಯಿಯಪ್ಪಾ ಇವಳು ಎಂದು ನನಗೆ ಸಿಟ್ಟೇ ಬಂತು.

ವಾರದ ನಂತರ ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ಮರಳಿ ಕೊಟ್ಟರು. ಮಧ್ಯಾಹ್ನ ಮಗಳು ಎರಡು ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಒಂದು ತನ್ನದು, ಇನ್ನೊಂದು ಟಕಟಕನಿಂದ ಕೇಳಿ ತಂದದ್ದು.

“ಅಮ್ಮಾ, ಜಗಳಕ್ಕೆ ಬಂದಿಲ್ಲ. ಒಂದು ಡೌಟು.”

ಅವಳ ತ್ರಿಭುಜದ ಲೆಕ್ಕದಲ್ಲಿ ಶೃಂಗದಿಂದ ಇಳಿದ ಲಂಬ ಎದುರಿನ ಬಾಹುವಿನ ಒಳಗೇ ಬೀಳುತ್ತದೆ ಎಂದುಕೊಂಡು ಸಾಧಿಸಿದ್ದಳು. ಬಾಹುವಿನ ಒಂದು ತುದಿಯಲ್ಲಿ ತೊಂಬತ್ತು ಡಿಗ್ರಿ ಮೀರಿದ ವಿಶಾಲಕೋನವಿದ್ದರೆ ಲಂಬ ಹೊರಗೆ ಬೀಳುತ್ತದೆ. ಆ ಸಂದರ್ಭ ಬಿಟ್ಟಿದ್ದಕ್ಕೆ ಟೀಚರ್ ಕೆಂಪು ಶಾಯಿಯಲ್ಲಿ ಒಂದು ಅಂಕ ಕಳೆದಿದ್ದರು.

“ತಪ್ಪು ನಂದೇ, ಒಪ್ತೀನಿ” ಎಂದು ಟಕಟಕನ ಪತ್ರಿಕೆಯನ್ನು ಮುಂದಿಟ್ಟಳು. ಅವನು ಸಂಖ್ಯೆಗಳ ಲೆಕ್ಕದಲ್ಲಿ ಅವಿಭಾಜ್ಯ ಸಂಖ್ಯೆಗಳೆಲ್ಲ ಬೆಸ ಎಂದುಕೊಂಡೇ ಶುರುಮಾಡಿದ್ದ. “ಎರಡು? ಅದೂ ಅವಿಭಾಜ್ಯ ತಾನೇ? ಅದನ್ನ ಅವನು ನೋಡೇ ಇಲ್ಲ. ಇಲ್ಲಿ ಯಾಕೆ ಅಂಕ ಕಳೆದಿಲ್ಲ?”

ಟೀಚರ್ ಪತ್ರಿಕೆ ನೋಡಿದರು. “ಅದು... ಅವನಿಗೆ ಗೊತ್ತಿರುತ್ತೆ, ಬರೆಯೋಕೆ ಮರೆತಿದಾನೆ ಅಂದ್ಕೊಂಡೆ.”

“ನಂಗೆ ಗೊತ್ತಿರಲ್ಲ ಅಂದ್ಕೊಂಡ್ಯಾ?”

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ನಾವೆಲ್ಲ ಆಡಿಕೊಳ್ಳುತ್ತೇವೆ. ಸುಣ್ಣ ಸ್ವಂತ ಮಗುವಿನ ಕಣ್ಣಿಗೇ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೀಚರ್ ಎರಡೂ ಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

“ನಿನ್ನ ಅಕ್ಷರ ಕಂಡ ಕೂಡ್ಲೇ ಕೈ ಬಿಗಿಯಾಗೋದು. ಜನ ಏನಂದಾರೋ ಅಂತ ಹೆದರಿಕೆ. ಅದನ್ನೇ ನ್ಯಾಯ ಅಂದ್ಕೊಂಡುಬಿಟ್ಟೆ” ಎಂದು ಎದ್ದು ನಿಂತರು. “ಈಗ್ಲೇ ಹೆಡ್‌ಮಾಸ್ಟರ್‌ಗೆ ಹೇಳ್ತೀನಿ. ಎರಡೂ ಪತ್ರಿಕೆ ಬೇರೆ ಶಾಲೆಯವರು ಯಾರಾದ್ರೂ ತಿದ್ದಲಿ.”

“ಬೇಡಮ್ಮ. ಅವನು ನಾಳೆ ಹೊರಟಿದಾನೆ. ಅವನದ್ದೇನು ತಪ್ಪು?” ಮಗಳು ತನ್ನ ಪತ್ರಿಕೆಯನ್ನು ತಾಯಿಯ ಕಡೆ ತಿರುಗಿಸಿದಳು. “ಅಂಕ ಬೇಡ. ಬಿಡಿಸಿದ್ದು ಹೇಗಿತ್ತು, ಅಷ್ಟು ಹೇಳು. ಒಂದ್ಸಲಾನೂ ಹೇಳಿಲ್ಲ ನೀನು.”

ಟೀಚರ್ ಕೂತರು. ಮೊದಲ ಸಾಲಿನಿಂದ ಬೆರಳಿಟ್ಟು ಓದುತ್ತ ಹೋದರು. ಅಷ್ಟು ಹೊತ್ತೂ ಮಗಳು ನಿಂತೇ ಇದ್ದಳು. ನಾನು ಪ್ರಬಂಧ ತಿದ್ದುವವಳಂತೆ ತಲೆ ತಗ್ಗಿಸಿದ್ದೆ.

“ಈ ದಾರಿ ನಂಗೆ ಹೊಳೆದಿರ್ಲಿಲ್ಲ” ಎಂದರು ಕೊನೆಗೆ. “ಲೆಕ್ಕ ಕಟ್ಟಿದವಳು ನಾನು. ನನ್ನ ಉತ್ತರ ಇದ್ರ ಎರಡರಷ್ಟು ಉದ್ದ ಇದೆ. ಇದು ನಂದಕ್ಕಿಂತ ಚೆನ್ನಾಗಿದೆ ಮಗಳೇ.”

ಶಿಬಿರ ತಪ್ಪಿದಾಗಲೂ ಅಳದ ಹುಡುಗಿ ಆಗ ತಾಯಿಯ ಮೇಜಿಗೆ ಹಣೆ ಹಚ್ಚಿ ಅತ್ತಳು.